ಓಡಲಾಗದ ಗಿಡ, ಅಡಗಿ ಬಾಳುವ ಜೀವಿ

ಮಕ್ಕಳೇ, ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಎರಡು ಜೀವಗಳು ಅಕ್ಕಪಕ್ಕ ಬಾಳುತ್ತವೆ. ಒಂದು, ನೇರಳೆ-ಗುಲಾಬಿ ಹೂಗೊಂಚಲಿನ ಕಟಾಬಾ ರೋಡೋಡೆಂಡ್ರಾನ್ ಪೊದೆ. ಇನ್ನೊಂದು, ಕೆಂಪು ಕೆನ್ನೆಯ ಸಾಲಮಾಂಡರ್. ನೋಡಲು ಹಲ್ಲಿ, ನಂಟಿನಲ್ಲಿ ಕಪ್ಪೆ.

ಗಿಡ ಓಡಲಾರದು. ಕೊರೆಯುವ ಚಳಿಗೆ ಎಲೆಗಳನ್ನು ಚಾಪೆಯಂತೆ ಸುರುಳಿ ಸುತ್ತಿ ಇಳಿಬಿಡುತ್ತದೆ. ಚಳಿ ತಗ್ಗಿದಾಗ ಬಿಡಿಸುತ್ತದೆ. ಈ ಸಾಲಮಾಂಡರಿಗೋ ಶ್ವಾಸಕೋಶವೇ ಇಲ್ಲ! ಉಸಿರಾಟ ಬಹುಪಾಲು ಒದ್ದೆ ಚರ್ಮದಿಂದ. ಚರ್ಮ ಒಣಗಿದರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಹಗಲು ಕಲ್ಲು, ದಿಮ್ಮಿಗಳಡಿ ಅಡಗಿದ್ದು, ತೇವದ ರಾತ್ರಿ ಹುಳುಬೇಟೆಗೆ ಹೊರಡುತ್ತದೆ.

ಪೊದೆಯನ್ನು ದೂರದ ತೋಟಗಳಲ್ಲೂ ಬೆಳೆಸುತ್ತಾರೆ. ಈ ಸಾಲಮಾಂಡರಿಗೆ ಮಾತ್ರ ಆ ಬೆಟ್ಟಸಾಲು ಬಿಟ್ಟರೆ ಬೇರೆ ಮನೆಯಿಲ್ಲ. ಅಲ್ಲೊಂದು ಕಲ್ಲು ಮಗುಚಿದರೂ ಅದರ ಸೂರು ಕಿತ್ತಂತೆ.

ನಮ್ಮ ಕಾಡಿನ ಕಲ್ಲಿನಡಿಯೂ ಯಾರದೋ ಮನೆಯಿರಬಹುದು. ಅಜ್ಜನ ಕೈಹಿಡಿದು ಹೋದಾಗ ನೆನಪಿರಲಿ.