ಕಾಶಿಯ ಚಳಿಗೆ ಪುಟ್ಟ ಕೈಗವಸು

ಬಳೆ ಅಂಗಡಿಯಲ್ಲಿ ನನ್ನ ಅಳತೆ ಎರಡೆರಡು. ಅಂದರೆ ಬಳೆಯ ಒಳಗಿನ ಅಡ್ಡಳತೆ ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರರಲ್ಲಿ ಎರಡು ಪಾಲು. ಸುಮಾರು 54 ಮಿಲಿಮೀಟರ್. ನಮ್ಮೂರ ಜಾತ್ರೆಯ ಬಳೆಗಾರನಾಗಲಿ, ಇಲ್ಲಿನ ವಿಶ್ವನಾಥ ಗಲ್ಲಿಯ ಅಂಗಡಿಯವನಾಗಲಿ, ಕೈ ಹಿಡಿದು ಒಮ್ಮೆ ಮೆತ್ತಗೆ ಅದುಮಿದರೆ ಸಾಕು, ಅಳತೆ ಹೇಳಿಬಿಡುತ್ತಾರೆ. ಎರಡೆರಡು, ಎರಡು ನಾಲ್ಕು, ಎರಡು ಆರು ಎಂದು ಇಷ್ಟು ಸಣ್ಣ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಇದೇ ಪೇಟೆಯಲ್ಲಿ ಸೈಕಲ್ ಓಡಿಸಲು ಗ್ಲೌಸ್ ಕೇಳಿದರೆ ಸಿಗುವ ಉತ್ತರ ಒಂದೇ: "ಫ್ರೀ ಸೈಜ್ ಹೈ, ದೀದಿ."

ವಾರಾಣಸಿಗೆ ಬಂದ ಮೇಲೆ ನನಗಿದು ಐದನೇ ಚಳಿಗಾಲ. ಮನೆ ಭೇಲೂಪುರದಲ್ಲಿ, ಕೆಲಸ ಬಿ.ಎಚ್.ಯು. ಆವರಣದಲ್ಲಿ. ದುರ್ಗಾಕುಂಡ, ಲಂಕಾ ದಾಟಿ ಸಿಂಹದ್ವಾರ ಹೊಕ್ಕರೆ ಆಯಿತು, ದೊಡ್ಡ ದೂರವೇನಲ್ಲ. ಕಾಶಿ ಎಂದರೆ ಬಿಸಿಲು ಎಂದುಕೊಂಡು ಬರುವ ನಮ್ಮವರಿಗೆ ಇಲ್ಲಿನ ಜನವರಿಯನ್ನು ವಿವರಿಸುವುದು ಕಷ್ಟ. ಬೆಳಿಗ್ಗೆ ಆರೇಳು ಡಿಗ್ರಿಗೆ ಇಳಿಯುತ್ತದೆ, ಜೊತೆಗೆ ಗಂಗೆಯ ಬಯಲಿನ ಮಂಜು. ಆರು ಡಿಗ್ರಿ ಚಳಿಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತುಳಿದರೆ, ಎದುರುಗಾಳಿಯ ಲೆಕ್ಕದಲ್ಲಿ ಬರಿಗೈಗೆ ಅದು ಮೂರು ಡಿಗ್ರಿಯಂತೆ ನಾಟುತ್ತದೆ. ದುರ್ಗಾಕುಂಡ ಬರುವಷ್ಟರಲ್ಲಿ ಬೆರಳು ಮರಗಟ್ಟಿರುತ್ತದೆ.

ಹಾಗಾದರೆ ದೊಡ್ಡ ಗ್ಲೌಸನ್ನೇ ಹಾಕಿಕೊಂಡರೆ ಏನಾಯಿತು ಎನ್ನುತ್ತೀರಿ. ಚಳಿಯ ಮಟ್ಟಿಗೆ ಏನೂ ಆಗದು. ಕಷ್ಟ ಬರುವುದು ಬ್ರೇಕಿನಲ್ಲಿ. ಬೆರಳಿನ ತುದಿಯಾಚೆ ಒಂದು ಸೆಂಟಿಮೀಟರ್ ಖಾಲಿ ಬಟ್ಟೆ ಜೋತಾಡುತ್ತಿದ್ದರೆ ಅದು ಬ್ರೇಕ್ ಹಿಡಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಗೈಯಲ್ಲಿ ಸಡಿಲ ಬಟ್ಟೆ ಮಡಿಕೆಯಾಗಿ ಒತ್ತಿ ಕಿರುಬೆರಳಿನ ಕಡೆ ಜೋಮು ಹಿಡಿಯುತ್ತದೆ. ಮೊದಲೇ ನನ್ನಂಥ ಗಿಡ್ಡ ಬೆರಳಿನವರಿಗೆ ಬ್ರೇಕ್ ಹಿಡಿ ಎಟುಕುವುದೇ ಕಷ್ಟ. ದಪ್ಪ ಗ್ಲೌಸು ಆ ಅಂತರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಲಂಕಾದ ಮಂಜಿನಲ್ಲಿ ಹತ್ತು ಹೆಜ್ಜೆ ಮುಂದೆ ಮಲಗಿರುವ ಗೂಳಿ ಕಾಣಿಸುವ ಹೊತ್ತಿಗೆ ಬ್ರೇಕ್ ಹಿಡಿಯಲು ಅರ್ಧ ಕ್ಷಣ ತಡವಾದರೂ ಗೂಳಿಗೇನೂ ಆಗುವುದಿಲ್ಲ.

ಕಮಚ್ಛಾದ ಕಡೆ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುವ ಶಾಲಾ ಹುಡುಗಿಯರನ್ನು ನೋಡಿ. ಸ್ವೆಟರಿನ ತೋಳನ್ನು ಬೆರಳಿನವರೆಗೂ ಎಳೆದುಕೊಂಡು, ಆ ಉಣ್ಣೆಯ ಮೇಲಿಂದಲೇ ಬ್ರೇಕ್ ಹಿಡಿಯುತ್ತಾರೆ. ಕೈ ಜಾರುತ್ತದೆ. ಸಣ್ಣ ಕೈಯ ಗ್ಲೌಸ್ ಎಂದರೆ ಶೋಕಿಯ ವಸ್ತು ಎಂದುಕೊಂಡವರು ಈ ಹುಡುಗಿಯರ ಹಿಂದೆ ಒಂದು ಫರ್ಲಾಂಗ್ ಸೈಕಲ್ ತುಳಿಯಬೇಕು.

ಮಕ್ಕಳ ಗ್ಲೌಸ್ ತಗೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸರಿ. ಹತ್ತು–ಹನ್ನೆರಡು ವರ್ಷದವರದ್ದು ನನ್ನ ಅಂಗೈಗೆ ಸರಿಯಾಗಿ ಕೂರುತ್ತದೆ, ಆದರೆ ಬೆರಳು ಗಿಡ್ಡ. ಬೆರಳ ಸಂದಿನಲ್ಲಿ ಬಟ್ಟೆ ಬಿಗಿದು ಹಿಡಿದರೆ ರಕ್ತ ಸರಿಯಾಗಿ ಓಡಾಡುವುದಿಲ್ಲ, ಕೈ ಬೇಗ ತಣ್ಣಗಾಗುತ್ತದೆ. ದೊಡ್ಡ ಗ್ಲೌಸಿನ ಬೆರಳನ್ನು ದರ್ಜಿಯಿಂದ ಮೋಟು ಮಾಡಿಸಿಯೂ ನೋಡಿದೆ. ಒಳಗಿನ ಹೊಲಿಗೆ ಉಗುರಿಗೆ ಚುಚ್ಚುತ್ತದೆ. ನೀರು ತಡೆಯುವ ಪದರವಿದ್ದರೆ ಅದಕ್ಕೂ ತೂತು ಬೀಳುತ್ತದೆ.

ಕೈ ಎಂದರೆ ಒಂದೇ ಅಳತೆಯಲ್ಲ ಎಂಬುದು ಹೊಸ ಸಂಗತಿಯೇನಲ್ಲ. ಫ್ರಾನ್ಸಿನ ಗ್ರೆನೋಬಲ್ ಊರಿನ ಕ್ಸೇವಿಯರ್ ಜೂವಾಂ ಎಂಬವರು ಆಸ್ಪತ್ರೆಯಲ್ಲಿ ಜನರ ಕೈಗಳನ್ನು ನೋಡಿ, ಅವನ್ನು 320 ಅಳತೆಗಳಾಗಿ ವಿಂಗಡಿಸಿ 1834ರಲ್ಲಿ ಗವಸಿನ ಅಳತೆಗೆ ಒಂದು ಕ್ರಮ ತಂದರು. ಯೂರೋಪಿನ ಕೆಲಸದ ಗವಸುಗಳಿಗೆ ಹಿಂದೆ ಇದ್ದ ಇಎನ್ 420 ಎಂಬ ಮಾನದಂಡದಲ್ಲಿ 6ನೇ ನಂಬರ್ ಎಂದರೆ ಅಂಗೈ ಸುತ್ತಳತೆ 152 ಮಿಲಿಮೀಟರ್, ಕೈಯ ಉದ್ದ 160 ಎಂದಿತ್ತು. ಹೆಬ್ಬೆರಳು ಬಿಟ್ಟು ಗಿಣ್ಣುಗಳ ಸುತ್ತ ಒಂದು ಟೇಪು, ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ಇನ್ನೊಂದು. ನನ್ನದು 155 ಮತ್ತು 158. ಆನ್‌ಲೈನಿನಲ್ಲಿ ಕೊಳ್ಳುವವರು ಎಕ್ಸ್‌ಎಸ್ ಎಂಬ ಅಕ್ಷರ ನಂಬಬೇಡಿ. ನಾನು ನೋಡಿದ ಒಂದು ಕಂಪನಿಯ ಎಕ್ಸ್‌ಎಸ್ 170ರಿಂದ ಶುರುವಾಗುತ್ತಿತ್ತು. ಎರಡೂ ಅಳತೆ ಮಿಲಿಮೀಟರಿನಲ್ಲಿ ಕೊಟ್ಟಿಲ್ಲದಿದ್ದರೆ ದುಡ್ಡು ಕಟ್ಟಬೇಡಿ.

ನನಗೆ ದಾರಿ ತೋರಿಸಿದ್ದು ಮಾತ್ರ ಮುಂಡಗೋಡದ ಒಬ್ಬ ಅಮ್ಮ. ಚಳಿಗಾಲ ಬಂತೆಂದರೆ ಟಿಬೆಟಿಯನ್ನರು ಲೂಧಿಯಾನದ ಸ್ವೆಟರು, ಶಾಲು ಹೇರಿಕೊಂಡು ಉತ್ತರದ ಊರೂರುಗಳಲ್ಲಿ ಅಂಗಡಿ ಹಾಕುತ್ತಾರೆ. ಅವರಲ್ಲಿ ನಮ್ಮ ಬೈಲಕುಪ್ಪೆ, ಮುಂಡಗೋಡಗಳ ಕ್ಯಾಂಪುಗಳಿಂದ ಬಂದವರೂ ಇರುತ್ತಾರೆ. ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದ ನಾನು ಫೋನಿನಲ್ಲಿ ಅಮ್ಮನೊಡನೆ ಎರಡು ಮಾತಾಡಿದ್ದೇ ತಡ, ಆಕೆ ಕೇಳಿದರು: "ಯಾವೂರ್ರೀ ನಿಮ್ದು?"

"ಸಾಗರ. ನಿಮ್ದು?"

"ಮುಂಡಗೋಡ. ಮದ್ಲೇ ಹೇಳೋದಲ್ರೀ ಮತ್ತ!"

ಆಮೇಲೆ ಆಕೆ ಸ್ಟೂಲ್ ಎಳೆದು ಕೂರಿಸಿ, ತನ್ನ ಅಂಗೈಗೆ ನನ್ನ ಅಂಗೈ ಹಚ್ಚಿ ನೋಡಿದರು. ಥೇಟ್ ಬಳೆಗಾರನ ಹಾಗೆ. ಅವರ ಕೈಯೂ ಸಣ್ಣದೇ. "ನಿಮ್ಗ ದಪ್ಪಂದು ಬ್ಯಾಡ್ರೀ," ಎಂದು ಶಾಲಾ ಮಕ್ಕಳ ತೆಳು ಹೆಣಿಗೆಯ ಗ್ಲೌಸಿನ ಕಟ್ಟು ಬಿಚ್ಚಿದರು. ಹೆಣಿಗೆಯದ್ದು ಎಳೆದರೆ ಹಿಗ್ಗುತ್ತದೆ, ಹೊಲಿದ ಬಟ್ಟೆಯಂತೆ ಬೆರಳ ಸಂದಿನಲ್ಲಿ ಬಿಗಿಯುವುದಿಲ್ಲ. "ಗಾಳಿ ಹೊಕ್ಕತೈತಲ್ಲ?" ಎಂದೆ. ಆಕೆ ರಸ್ತೆಯಲ್ಲಿ ನಿಂತಿದ್ದ ಮೋಟರ್‌ಸೈಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದರು.

ಅದರ ಹ್ಯಾಂಡಲಿನ ಎರಡೂ ತುದಿಗೆ ರೆಕ್ಸಿನ್ ಚೀಲದಂಥ ಕವರು ಕಟ್ಟಿತ್ತು. ಉತ್ತರ ಭಾರತದಲ್ಲಿ ಇದ್ದವರಿಗೆ ಇದು ಗೊತ್ತು: ಒಳಗೆ ಕೈ ತೂರಿಸಿ ಹಿಡಿಯುವುದು. ಗಾಳಿಯನ್ನು ಕವರೇ ತಡೆಯುತ್ತದೆ, ಹಾಗಾಗಿ ಗ್ಲೌಸ್ ದಪ್ಪವಿರಬೇಕಾಗಿಲ್ಲ. ಕವರಿಗೆ ಕೈಯ ಅಳತೆಯ ಹಂಗೂ ಇಲ್ಲ; ಇದೊಂದೇ ನಿಜವಾದ ಫ್ರೀ ಸೈಜು.

ಅಲ್ಲಿಂದೀಚೆಗೆ ಎರಡು ಚಳಿಗಾಲ ಇದೇ ಜೋಡಿಯಲ್ಲಿ ಕಳೆದಿದ್ದೇನೆ. ನೇರ ಹ್ಯಾಂಡಲಿನ ಸೈಕಲ್ಲಿಗೆ ಕವರು ಸುಲಭವಾಗಿ ಕೂರುತ್ತದೆ, ಬಾಗಿದ ರೇಸ್ ಹ್ಯಾಂಡಲಿಗೆ ಆಗುವುದಿಲ್ಲ. ಕೈ ಹಾಕುವ ಬಾಯಿಯ ದಾರ ಬಿಗಿಯಬೇಡಿ. ಬೀಳುವ ಹೊತ್ತಿಗೆ ಕೈ ತಟ್ಟನೆ ಹೊರಬರಬೇಕು. ಕವರು ಕಟ್ಟುವ ಮೊದಲು ಬ್ರೇಕ್ ಹಿಡಿಯ ಬುಡದಲ್ಲಿ ಸಣ್ಣ ಸ್ಕ್ರೂ ಇದೆಯೇ ನೋಡಿ. ಈಗಿನ ಬಹಳಷ್ಟು ಕೇಬಲ್ ಬ್ರೇಕುಗಳಲ್ಲಿ ಇರುತ್ತದೆ. ಅದನ್ನು ತಿರುಗಿಸಿದರೆ ಹಿಡಿ ಬೆರಳಿನ ಹತ್ತಿರಕ್ಕೆ ಬರುತ್ತದೆ. ಕೇಬಲ್ಲನ್ನೂ ಅದಕ್ಕೆ ತಕ್ಕಂತೆ ಸರಿಮಾಡಿಸಿಕೊಳ್ಳಿ, ಹಿಡಿ ಹ್ಯಾಂಡಲಿಗೆ ತಾಗುವ ಮೊದಲೇ ಬ್ರೇಕ್ ಕಚ್ಚಬೇಕು. ರಸ್ತೆ ಬದಿಯ ಸೈಕಲ್ ಮಿಸ್ತ್ರಿಗೆ ಐದು ನಿಮಿಷದ ಕೆಲಸ. ಹಳೆಯ ಕಂಬಿ ಬ್ರೇಕಿನ ಸೈಕಲ್ಲಿಗೆ ಈ ಸೌಕರ್ಯವಿಲ್ಲ, ಶಾಲೆಯ ಹುಡುಗಿಯರಲ್ಲಿ ಕೆಲವರದ್ದು ಇನ್ನೂ ಅಂಥದ್ದೇ.

ಬೆಲ್ಲನ್ನು ಮಾತ್ರ ಹ್ಯಾಂಡಲಿನ ನಡುವಿಗೆ ಸರಿಸಿಕೊಳ್ಳಿ. ಇಲ್ಲದಿದ್ದರೆ ಅದೂ ಕವರಿನೊಳಗೆ ಬೆಚ್ಚಗೆ ಕೂತು, ನೀವು ಎಷ್ಟು ಬಾರಿಸಿದರೂ ಗೋದೌಲಿಯಾದಲ್ಲಿ ಯಾರೂ ದಾರಿ ಬಿಡುವುದಿಲ್ಲ.