ಮೈಯಳತೆಗೆ ಒಪ್ಪುವ ಬೈಸಿಕಲ್ಲು

ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಬಾಗಿದ ಹ್ಯಾಂಡಲಿನ ರೋಡ್ ಬೈಸಿಕಲ್ಲೊಂದನ್ನು ಕೈಬದಲಾದ ಮಾಲಾಗಿ ಕೊಂಡಳು. ಬೆಲೆ ಅಗ್ಗ, ಬಣ್ಣ ಸೊಗಸು. ಆದರೆ ತಿಂಗಳೊಳಗೆ ಅಂಗೈ ಜೋಮು ಹಿಡಿಯತೊಡಗಿತು, ಕತ್ತು ನೋಯತೊಡಗಿತು. ಸೈಕಲ್ ಸವಾರಿಯೇ ತನ್ನ ದೇಹಕ್ಕೆ ಒಗ್ಗದೆಂದು ಆಕೆ ಬೇಸತ್ತು ನುಡಿದಳು. ನಾವು ಟೇಪು ಹಿಡಿದು ಅಳೆದಾಗ ದೋಷ ದೇಹದ್ದಲ್ಲ, ಚೌಕಟ್ಟಿನದೆಂದು ತಿಳಿದುಬಂದಿತು.

ಇದರ ಕಾರಣವೇನು? 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಇಂದಿನ ಬೈಸಿಕಲ್ಲಿನ ಮೂಲರೂಪ. ಬಹುಕಾಲ ರೋಡ್ ಬೈಸಿಕಲ್ಲುಗಳು ಗಂಡಸರ ಅಳತೆಯನ್ನು ಮುಂದಿಟ್ಟುಕೊಂಡೇ ರೂಪುಗೊಂಡವು. ಗಿಡ್ಡ ಚೌಕಟ್ಟಿಗೆ 622 ಮಿಲಿಮೀಟರ್ ರಿಮ್ಮಿನ ದೊಡ್ಡ ಚಕ್ರವನ್ನು ಜೋಡಿಸಿದರೆ, ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗಬಹುದು. ಅಮೆರಿಕದ ಜಾರ್ಜಿನಾ ಟೆರಿ ಎಂಬ ಯಂತ್ರಶಿಲ್ಪಿ 1985ರಲ್ಲಿ ಸ್ಥಾಪಿಸಿದ ಸಂಸ್ಥೆಯು ಮುಂದಿನ ಚಕ್ರವನ್ನು ಚಿಕ್ಕದು ಮಾಡಿ ಈ ತೊಡಕನ್ನು ಬಿಡಿಸಿತು. ಆದರೂ ‘ಸ್ತ್ರೀಯರದು’ ಎಂಬ ಚೀಟಿಯೊಂದನ್ನೇ ನಂಬತಕ್ಕದ್ದಲ್ಲ. ಸರಾಸರಿ ಬೇರೆ, ವ್ಯಕ್ತಿ ಬೇರೆ. ಅಳತೆ ಹೊಂದುವುದಾದರೆ ಗಂಡಸರದೆಂದು ಮಾರುವ ಸಣ್ಣ ಚೌಕಟ್ಟೂ ಆದೀತು.

ಮೊದಲು ಕಾಲಿನ ಅಳತೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನಾನಿಸಿ ನಿಂತು, ತೊಡೆಗಳ ಸಂದಿನಲ್ಲಿ ಪುಸ್ತಕವೊಂದನ್ನು ಬಿಗಿಯಾಗಿ ಮೇಲಕ್ಕೊತ್ತಿ, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ನಮ್ಮ ವಿದ್ಯಾರ್ಥಿನಿಯದು 72 ಸೆಂಟಿಮೀಟರು. ಇದನ್ನು 0.883ರಿಂದ ಗುಣಿಸಿದರೆ ಸುಮಾರು 63.6 ಬರುತ್ತದೆ. ಪೆಡಲುಗಳ ನಡುವಣ ಅಚ್ಚಿನಿಂದ ಸೀಟಿನ ಮೇಲ್ಮೈಗೆ ಸರಿಸುಮಾರು ಇಷ್ಟು ದೂರವಿರಬೇಕು. ಇದು ಆರಂಭದ ಅಂದಾಜು ಮಾತ್ರ. ಪೆಡಲು ಕೆಳತುದಿಗೆ ಬಂದಾಗ ಮೊಣಕಾಲು 25ರಿಂದ 35 ಡಿಗ್ರಿಗಳಷ್ಟು ಬಾಗಿರಬೇಕು. ಸೊಂಟ ಅತ್ತಿತ್ತ ಹೊರಳಿದರೆ ಸೀಟು ಎತ್ತರವಾಯಿತೆಂದೇ ಅರ್ಥ.

ಸೀಟಿನ ಎತ್ತರವನ್ನು ಬದಲಿಸುವುದು ಸುಲಭ. ಸೀಟಿನಿಂದ ಹ್ಯಾಂಡಲಿಗಿರುವ ದೂರವನ್ನು ಬದಲಿಸುವುದು ಕಷ್ಟ. ಇಲ್ಲಿ ಸನ್ನೆಯ ತತ್ತ್ವವನ್ನು ನೆನೆಯೋಣ. ಹ್ಯಾಂಡಲು ದೂರವಾದಷ್ಟೂ ಮುಂಡವು ಮುಂದಕ್ಕೆ ವಾಲುತ್ತದೆ. ಅದರ ಗುರುತ್ವ ಕೇಂದ್ರವು ಸೊಂಟದಿಂದ ದೂರ ಸರಿಯುತ್ತದೆ. ಭಾರ ಅಷ್ಟೇ ಇದ್ದರೂ, ಭಾರವನ್ನು ದೂರದಿಂದ ಗುಣಿಸಿದ ಬೆಲೆ ಹೆಚ್ಚುತ್ತದೆ. ಆ ಹೆಚ್ಚಳವನ್ನು ಬೆನ್ನಿನ ಸ್ನಾಯುಗಳೂ ಅಂಗೈಗಳೂ ಹೊರಬೇಕು. ಅಂಗೈಯ ನರ ಅದುಮಲ್ಪಟ್ಟು ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುವುದು ಇದರಿಂದಲೇ.

ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮನ್ನು 11 ಸೆಂಟಿಮೀಟರಿನಿಂದ 8ಕ್ಕೆ ಬದಲಿಸಿದರೆ 3 ಸೆಂಟಿಮೀಟರು ಹತ್ತಿರವಾಗುತ್ತದೆ. ಅತಿ ಗಿಡ್ಡವಾದರೆ ಹ್ಯಾಂಡಲು ಚಂಚಲವಾಗುತ್ತದೆ. ಕೈ ಎಟುಕಲೆಂದು ಸೀಟನ್ನೇ ಮುಂದಕ್ಕೆ ತಳ್ಳಬಾರದು; ಪೆಡಲಿನ ಮೇಲೆ ಮೊಣಕಾಲಿನ ನಿಲುವು ಕೆಡುತ್ತದೆ. ನಮ್ಮ ವಿದ್ಯಾರ್ಥಿನಿಯ ಬೈಸಿಕಲ್ಲಿನಲ್ಲಾದರೋ ಅಡ್ಡ ಬಾರಿನ ಎತ್ತರವೇ 78 ಸೆಂಟಿಮೀಟರು! 72ರ ಕಾಲಿಗೆ ಅದನ್ನು ದಾಟಿ ನೆಲದ ಮೇಲೆ ನೆಮ್ಮದಿಯಿಂದ ನಿಲ್ಲುವುದೆಂತು? ಯಾವ ಸ್ಕ್ರೂ ತಿರುಗಿಸಿದರೂ ಚೌಕಟ್ಟು ಕುಗ್ಗುವುದಿಲ್ಲ.

ಉಳಿದ ಸಣ್ಣ ಅನಾನುಕೂಲಗಳಿಗೆ ಅಲ್ಪ ಖರ್ಚಿನ ಪರಿಹಾರವುಂಟು. ರಟ್ಟಿನ ಪೆಟ್ಟಿಗೆಯ ತುಂಡೊಂದರ ಮೇಲೆ ಕುಳಿತು ಏಳಿರಿ. ಮೂಡಿದ ಎರಡು ಕುಳಿಗಳ ಅಂತರ ಕೂರುವ ಮೂಳೆಗಳ ಅಂತರ. ಇದು ಸ್ತ್ರೀಯರಲ್ಲಿ ಸರಾಸರಿಯಾಗಿ ತುಸು ಹೆಚ್ಚು. ಸೀಟು ಅದಕ್ಕೆ ತಕ್ಕಷ್ಟು ಅಗಲವಿರಲಿ. ಬ್ರೇಕು ಬೆರಳಿಗೆ ಎಟುಕದಿದ್ದರೆ, ಅನೇಕ ಬ್ರೇಕ್ ಹಿಡಿಗಳಲ್ಲಿ ಅದನ್ನು ಹತ್ತಿರ ತರುವ ಪುಟ್ಟ ಸ್ಕ್ರೂ ಇರುತ್ತದೆ.

ಹಳೆಯದನ್ನು ಕೊಳ್ಳುವವರು ಒಂದು ಅಡಿಯ ಸ್ಕೇಲನ್ನು ಒಯ್ಯಲಿ. ಚೈನಿನ ಪಿನ್ನುಗಳ ಅಂತರ ಅರ್ಧ ಅಂಗುಲ. 24 ಅಂತರಗಳಿಗೆ ಸರಿಯಾಗಿ 12 ಅಂಗುಲ. ಅದು 12 1/8 ಅಂಗುಲವಾಗಿದ್ದರೆ ಚೈನು ಶೇಕಡ ಒಂದರಷ್ಟು ಸವೆದಿದೆ. ಹಲ್ಲುಚಕ್ರಗಳೂ ಸವೆದಿರುವ ಸಂಭವವುಂಟು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಚೌಕಟ್ಟಿನ ಸಂದುಗಳಲ್ಲಿ ಬಿರುಕು ಕಂಡರೆ ಎಷ್ಟು ಅಗ್ಗವಾದರೂ ಬೇಡ.

ನಮ್ಮ ವಿದ್ಯಾರ್ಥಿನಿ ಆ ಬೈಸಿಕಲ್ಲನ್ನು ಸ್ವಲ್ಪ ನಷ್ಟಕ್ಕೇ ಮಾರಿ, ಬಣ್ಣ ಮಾಸಿದ ಸಣ್ಣ ಚೌಕಟ್ಟಿನದೊಂದನ್ನು ಕೊಂಡಳು. ಈಗ ಅಂಗೈ ಜೋಮಿಲ್ಲ. ದಿನವೂ ಅದರಲ್ಲೇ ಕಾಲೇಜಿಗೆ ಬರುತ್ತಾಳೆ. ಅಂಗಡಿಗೆ ಹೊರಡುವ ಮುನ್ನ ಟೇಪು ಹಿಡಿದು ಅಳೆದುಕೊಂಡಿದ್ದರೆ ಆ ನಷ್ಟವೂ ತಪ್ಪುತ್ತಿತ್ತು.