ಮೇಜಿನ ಮೇಲೊಂದು ಚಹಾ ಹಡಗು

1869ರ ನವೆಂಬರ್ 17ರಂದು ಸೂಯೆಜ್ ಕಾಲುವೆಯು ಹಡಗುಗಳ ಸಂಚಾರಕ್ಕೆ ತೆರೆಯಿತು. ಅದಾದ ಐದನೆಯ ದಿನ ಸ್ಕಾಟ್ಲೆಂಡಿನ ಡಂಬಾರ್ಟನ್ ಪಟ್ಟಣದಲ್ಲಿ ‘ಕಟ್ಟಿ ಸಾರ್ಕ್’ ಎಂಬ ಹಾಯಿಹಡಗು ನೀರಿಗಿಳಿಯಿತು. ವರ್ಷದ ಹೊಸ ಚಹಾವನ್ನು ಚೀನದಿಂದ ಉಳಿದೆಲ್ಲ ಹಡಗುಗಳಿಗಿಂತ ಮೊದಲು ಲಂಡನ್ನಿಗೆ ತಲುಪಿಸಬೇಕೆಂಬುದು ಅದರ ಒಡೆಯ ಜಾನ್ ವಿಲಿಸನ ಹಂಬಲವಾಗಿತ್ತು. ಕಾಲುವೆಯ ಹತ್ತಿರದ ದಾರಿಯಾದರೋ ಉಗಿಹಡಗುಗಳಿಗೆ ಒದಗಿತೇ ಹೊರತು, ಗಾಳಿಯನ್ನೇ ನಂಬಿದ ಹಡಗುಗಳಿಗೆ ಒದಗಲಿಲ್ಲ. ಅವು ಹಿಂದಿನಂತೆಯೇ ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಾಗಿತ್ತು. ಕಟ್ಟಿ ಸಾರ್ಕ್ ಚಹಾ ಹೊತ್ತು ತಂದದ್ದು ಎಂಟೇ ಸಲ. 1877ರ ತರುವಾಯ ಆ ವ್ಯಾಪಾರವು ಅದರ ಕೈಬಿಟ್ಟಿತು. ಅದನ್ನು ಕಟ್ಟಲು ಕೈಹಾಕಿದ ಕಂಪನಿಯೂ ಕೆಲಸ ಮುಗಿಯುವ ಮುನ್ನವೇ ದಿವಾಳಿಯೆದ್ದಿತ್ತು. ಜಮಾಖರ್ಚಿನ ಕಣ್ಣಿನಿಂದ ನೋಡಿದರೆ ಹುಟ್ಟುತ್ತಲೇ ನಷ್ಟದ ಬಾಬ್ತಿಗೆ ಸೇರಿದ ಹಡಗಿದು.

ಹೀಗಿದ್ದರೂ ಹವ್ಯಾಸಿಗಳು ಕಿರಿದಾಗಿಸಿ ಮರಳಿ ಕಟ್ಟುವ ಹಡಗುಗಳ ಪೈಕಿ ಇದಕ್ಕೆ ಸಲ್ಲುವ ಮನ್ನಣೆ ದೊಡ್ಡದು. ಕ್ಲಿಪರ್ ಎಂದು ಹೆಸರಾದ ಈ ಜಾತಿಯ ಹಡಗಿನ ಚೆಲುವೆಲ್ಲ ಅವಸರದಿಂದ ಹುಟ್ಟಿದ್ದು. ನೀರನ್ನು ಸೀಳುವ ಚೂಪಾದ ಮುಂತುದಿ, ಉದ್ದಕ್ಕೆ ಹೋಲಿಸಿದರೆ ಕಿರಿದಾದ ಅಗಲ, ಮೂರು ಕೂವೆಮರಗಳ ಮೇಲೆ ಸುಮಾರು 32,000 ಚದರಡಿ ಹಾಯಿ. ಒಡಲಿನ ಪಕ್ಕೆಲುಬುಗಳು ಕಬ್ಬಿಣದವು. ಅವುಗಳ ಮೇಲೆ ಹೊದಿಸಿದ ಹಲಗೆಗಳು ನೀರಿನ ಮಟ್ಟದಿಂದ ಮೇಲೆ ತೇಗ, ಕೆಳಗೆ ಎಲ್ಮ್ ಜಾತಿಯ ಮರ. ತೇಗ ಎಷ್ಟು ಬಾಳಿಕೆಯದೆಂಬುದನ್ನು ಮುಂಬಯಿವಾಸಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1817ರಲ್ಲಿ ಅಲ್ಲಿಯ ಹಡಗುಕಟ್ಟೆಯಲ್ಲಿ ತೇಗದಿಂದಲೇ ನಿರ್ಮಾಣವಾದ ‘ಟ್ರಿಂಕೋಮಲಿ’ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ಇಂದಿಗೂ ಇದೆ.

ಮಾದರಿ ಕಟ್ಟುವವನು ಗರಗಸ ಹಿಡಿಯುವ ಮೊದಲು ತೀರ್ಮಾನಿಸಬೇಕಾದ ಸಂಗತಿ ಒಂದಿದೆ: ತಾನು ಕಟ್ಟುತ್ತಿರುವುದು ಯಾವ ವರ್ಷದ ಕಟ್ಟಿ ಸಾರ್ಕ್? 1872ರಲ್ಲಿ ‘ಥರ್ಮೋಪಿಲೆ’ ಎಂಬ ಹಡಗಿನೊಡನೆ ಶಾಂಘೈಯಿಂದ ಪಂದ್ಯಕ್ಕೆ ಹೊರಟ ಇದು ನೂರಾರು ಮೈಲಿ ಮುಂದಿದ್ದಾಗ ಬಿರುಗಾಳಿಯಲ್ಲಿ ಚುಕ್ಕಾಣಿಯನ್ನು ಕಳೆದುಕೊಂಡಿತು. ನಡುಗಡಲಿನಲ್ಲೇ ಬದಲಿ ಚುಕ್ಕಾಣಿಯನ್ನು ಮಾಡಿಕೊಂಡು, ಎದುರಾಳಿಗಿಂತ ಒಂದು ವಾರ ತಡವಾಗಿ ಲಂಡನ್ ತಲುಪಿತು. 1880ರಲ್ಲಿ ಅದರ ಕೂವೆಮರಗಳನ್ನು ಮೊಟಕುಗೊಳಿಸಿದರು. ಆ ಮೊಟಕು ಹಾಯಿಗಳಿಂದಲೇ ಅದು ಆಸ್ಟ್ರೇಲಿಯದ ಉಣ್ಣೆಯನ್ನು 73 ದಿನಗಳಲ್ಲಿ ಲಂಡನ್ನಿಗೆ ತಂದು ಹೆಸರು ಗಳಿಸಿತು. 1895ರಲ್ಲಿ ಪೋರ್ಚುಗೀಸರಿಗೆ ಮಾರಾಟವಾಗಿ, ‘ಫೆರೈರಾ’ ಎಂದು ಹೆಸರು ಬದಲಾಗಿ, 1922ರಲ್ಲಿ ಮತ್ತೆ ಆಂಗ್ಲರ ಕೈಸೇರಿತು. ಒಂದು ವರ್ಷದ ಕೂವೆಮರಕ್ಕೆ ಇನ್ನೊಂದು ವರ್ಷದ ಹಾಯಿ ಕಟ್ಟಿದವನ ಹಡಗು ಎಷ್ಟೇ ನಯವಾಗಿದ್ದರೂ ಯಾವ ಕಡಲಿನಲ್ಲಿಯೂ ಓಡಿದ ಹಡಗಾಗದು. ಈ ವಿಷಯದಲ್ಲಿ ನೆರವಾಗುವ ಪ್ರಸಿದ್ಧ ಗ್ರಂಥವನ್ನು ಬರೆದ ನೇಪಿಯನ್ ಲಾಂಗ್‌ರಿಜ್ ವೃತ್ತಿಯಿಂದ ವೈದ್ಯರು. ಅವರು ನೆಲ್ಸನ್ನನ ಕಾಲದ ಹಡಗುಗಳ ಕುರಿತು 1955ರಲ್ಲಿ ಹೊರತಂದ ಪುಸ್ತಕದ ಹೆಸರಿನಲ್ಲಿಯೇ ‘ಅಂಗರಚನೆ’ ಎಂಬ ಮಾತಿದೆ.

ಮುಂದಿನದು ಅಳತೆಯ ಲೆಕ್ಕ. ನಿಜವಾದ ಒಡಲಿನ ಉದ್ದ 212 ಅಡಿ 5 ಅಂಗುಲ, ಅಗಲ 36 ಅಡಿ. ಒಂದು ಅಡಿಗೆ ಅಂಗುಲದ ಎಂಟನೆಯ ಒಂದು ಪಾಲು, ಅಂದರೆ 96ಕ್ಕೆ ಒಂದರ ಪ್ರಮಾಣವನ್ನು ಹಿಡಿದರೆ, ಒಡಲು ಇಪ್ಪತ್ತಾರೂವರೆ ಅಂಗುಲ ಉದ್ದ, ನಾಲ್ಕೂವರೆ ಅಂಗುಲ ಅಗಲವಾಗುತ್ತದೆ. ಮುಂದಕ್ಕೆ ಚಾಚಿದ ಮರವನ್ನೂ ಸೇರಿಸಿದರೆ ಸುಮಾರು ಮೂರಡಿ. ಒಂದೂವರೆ ಕೋಣೆಯ ನಗರವಾಸಿಗೆ ಇದೇ ಮಿತಿ. ಪ್ರಮಾಣವನ್ನು ಇಮ್ಮಡಿಸಿದರೆ ಮಂಚವೋ ಹಡಗೋ ಎಂಬ ಪ್ರಶ್ನೆ ಏಳುತ್ತದೆ. ಈ ಲೆಕ್ಕದಲ್ಲಿ ಐದಡಿ ನಾಲ್ಕಂಗುಲದ ನಾವಿಕ ಅಂಗುಲದ ಮೂರನೆಯ ಎರಡು ಪಾಲಿನಷ್ಟೇ ಎತ್ತರ. ಒಂದಂಗುಲ ದಪ್ಪದ ಹಗ್ಗ ಮಿಲಿಮೀಟರಿನ ಕಾಲು ಭಾಗದ ದಾರವಾಗುತ್ತದೆ.

ಒಡಲನ್ನು ಕಟ್ಟುವ ಕ್ರಮಗಳು ಹಲವು. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತುವುದು ಸುಲಭದ್ದು. ‘ಕೀಲ್’ ಎಂಬ ತಳದ ಉದ್ದಮರಕ್ಕೆ ಅಡ್ಡ ತಟ್ಟೆಗಳನ್ನು ನಿಲ್ಲಿಸಿ, ಅವುಗಳ ಮೇಲೆ ತೆಳುವಾದ ಪಟ್ಟಿಗಳನ್ನು ಹೊದಿಸುವುದು ಹೆಚ್ಚು ರೂಢಿಯಲ್ಲಿರುವುದು. ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಮುಂತುದಿಯತ್ತ ಕಿರಿದಾಗಿಸಿ, ಮೆಲ್ಲನೆ ಬಾಗಿಸಬೇಕು. ಅನನುಭವಿಗಳು ಸೋಲುವುದು ಇಲ್ಲಿಯೇ. ಎಡಮಗ್ಗುಲನ್ನು ಪೂರ್ತಿ ಮುಗಿಸಿ ಬಲಮಗ್ಗುಲಿಗೆ ಹೊರಳಿದರೆ, ಒಣಗುವ ಪಟ್ಟಿಗಳ ಬಿಗುವು ಕೀಲನ್ನೇ ಸೊಟ್ಟಗಾಗಿಸುತ್ತದೆ. ಆದುದರಿಂದ ಎಡಕ್ಕೊಂದು, ಬಲಕ್ಕೊಂದು. ಅಡ್ಡ ತಟ್ಟೆಯೊಂದು ಕೂದಲೆಳೆಯಷ್ಟು ಓರೆಯಾಗಿ ನಿಂತದ್ದು ಆ ದಿನ ಕಣ್ಣಿಗೆ ಬೀಳುವುದಿಲ್ಲ. ಆರಂಭಶಿಲ್ಕಿನ ತಪ್ಪು ವರ್ಷಾಂತ್ಯದ ತಾಳೆಪಟ್ಟಿಯಲ್ಲಿ ತಲೆಯೆತ್ತುವಂತೆ, ಅದು ಎಂಟು ತಿಂಗಳ ಬಳಿಕ ವಾಲಿದ ಕೂವೆಮರವಾಗಿ ಕಾಣಿಸಿಕೊಳ್ಳುತ್ತದೆ. ಆಗ ಮರೆಮಾಚುವ ಉಪಾಯ ಹೂಡುವುದಕ್ಕಿಂತ ಅಂಟನ್ನು ಬಿಡಿಸಿ, ಪಟ್ಟಿಗಳನ್ನು ಕಳಚಿ, ಮತ್ತೆ ಮೊದಲಿಂದ ಹೂಡುವುದೇ ಲೇಸು. ಈ ಎದೆಗಾರಿಕೆ ಇಲ್ಲದವರ ಅಟ್ಟದ ಮೇಲೆ ಅರ್ಧ ಕಟ್ಟಿದ ಹಡಗುಗಳು ಧೂಳು ತಿನ್ನುತ್ತಿರುತ್ತವೆ.

ನೀರಿನೊಳಗಿನ ಭಾಗಕ್ಕೆ ಹುಳುಹುಪ್ಪಟೆ, ಪಾಚಿ ಹತ್ತದಂತೆ ತಾಮ್ರ ಮತ್ತು ಸತುವು ಬೆರೆತ ಮಂಟ್ಸ್ ಲೋಹದ ತಗಡುಗಳನ್ನು ಹೊದಿಸಿದ್ದರು. ನಾಲ್ಕಡಿ ಉದ್ದ, ಹದಿನಾಲ್ಕಂಗುಲ ಅಗಲದ ತಗಡು ಮಾದರಿಯಲ್ಲಿ ಅರ್ಧ ಅಂಗುಲ ಉದ್ದ, ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಚೂರು. ಹಿಂಬದಿಯಿಂದ ಆರಂಭಿಸಿ ಮುಂದಕ್ಕೆ ಅಂಟಿಸುತ್ತ ಬಂದರೆ ಮುಂದಿನ ಚೂರಿನ ಅಂಚು ಹಿಂದಿನದನ್ನು ಮುಚ್ಚುತ್ತದೆ. ಓಡುವ ಹಡಗಿನ ತಗಡನ್ನು ನೀರು ಎಬ್ಬಿಸದಿರಲೆಂದು ಹೂಡಿದ ಕ್ರಮವಿದು. ನೀರನ್ನೇ ಕಾಣದ ಮಾದರಿಯೂ ಇದನ್ನು ಪಾಲಿಸಬೇಕು.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ಬೇಡುವುದು ಹಗ್ಗಜಾಲ. ನಿಜವಾದ ಹಡಗಿನಲ್ಲಿ ಅದರ ಒಟ್ಟು ಉದ್ದ ಸುಮಾರು 11 ಮೈಲಿ. ಏನನ್ನೂ ಬಿಡದೆ ಕಿರಿದಾಗಿಸಿದರೆ ಆರುನೂರು ಅಡಿಗೂ ಮಿಕ್ಕಿ ದಾರ ಬೇಕು. ಕೂವೆಮರಗಳನ್ನು ನಿಲ್ಲಿಸಿ ಹಿಡಿಯುವವು ಕಪ್ಪಗಿರುತ್ತವೆ. ಹಾಯಿಗಳನ್ನು ಏರಿಸಿ ಇಳಿಸಿ ಹೊರಳಿಸುವವು ನಾರಿನ ಬಣ್ಣದವು. ದಾರವನ್ನು ಜೇನುಮೇಣದ ಮೇಲೆ ಎಳೆದರೆ ಅದರ ಜುಂಗು ಅಡಗುತ್ತದೆ. ಇಲ್ಲಿಯೂ ಎಡಬಲಗಳ ಸಮತೋಲ ಬೇಕು. ಒಂದು ಕಡೆ ಬಿಗಿದರೆ ಕೂವೆಮರ ಆ ಕಡೆಗೇ ಬಾಗುತ್ತದೆ. ನಾವಿಕರು ಹತ್ತುವ ಹಗ್ಗದ ಏಣಿಯ ಮೆಟ್ಟಿಲುಗಳ ನಡುವೆ ಸುಮಾರು ನಾಲ್ಕು ಮಿಲಿಮೀಟರ್ ಅಂತರ. ಒಂದೊಂದು ಮೆಟ್ಟಿಲನ್ನೂ ಚಿಮಟದಿಂದ ಹಿಡಿದು, ಅದು ದಾಟುವ ಪ್ರತಿ ಹಗ್ಗಕ್ಕೂ ಗಂಟು ಹಾಕಬೇಕು. ಗಂಟುಗಳ ಎಣಿಕೆ ಸಾವಿರಗಳಿಗೆ ಏರುತ್ತದೆ. ಒಂದು ಸಂಜೆಗೆ ಐವತ್ತು ಗಂಟು ಬಿದ್ದರೆ ಅದನ್ನು ಒಳ್ಳೆಯ ಸಂಜೆ ಎನ್ನಬೇಕು.

ಆರೋಗ್ಯದ ಲೇಖನಗಳ ನಡುವೆ ಬರುವ ಈ ಬರಹದಲ್ಲಿ ಕಣ್ಣಿನ ಮಾತನ್ನು ಬಿಡುವಂತಿಲ್ಲ. ಚಾಳೀಸು ಬಂದವರು ಕನ್ನಡಕವಿಲ್ಲದೆ ಹಟ ಹಿಡಿದು ಕೂರುವುದು ತರವಲ್ಲ. ಕಣ್ಣನ್ನು ಒಂದೇ ಕಡೆ ನೆಟ್ಟಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯಾಚೆ ದೂರ ನೋಡುವುದರಿಂದ ಕಣ್ಣಿಗೂ ಸೊಂಟಕ್ಕೂ ಬಿಡುವು. ಮರಳುಕಾಗದದಿಂದ ತೀಡುವಾಗ ಏಳುವ ಮರದ ಧೂಳು ಉಬ್ಬಸದವರಿಗೆ ಶತ್ರು. ಧೂಳು ತಡೆಯುವ ಮುಸುಕನ್ನು ಮೂಗಿಗೆ ಹಾಕಿಕೊಳ್ಳಬೇಕು. ಥಟ್ಟನೆ ಹಿಡಿಯುವ ಅಂಟುಗಳ ಹಬೆ ಕಣ್ಣುಮೂಗುಗಳನ್ನು ಉರಿಸುವುದರಿಂದ ಕಿಟಕಿ ತೆರೆದಿರಬೇಕು. ಹಳೆಯ ಸಾಮಾನುಗಳಲ್ಲಿ ಲಂಗರು ಮೊದಲಾದ ಬಿಡಿಭಾಗಗಳು ಸೀಸ ಬೆರೆತವಾಗಿರುವುದುಂಟು. ಅವನ್ನು ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿಗೆ ಹಚ್ಚಬಾರದು; ಮಕ್ಕಳ ಕೈಗೆ ಎಟುಕಲೂಬಾರದು. ಓಕ್ ಮರದ ಮುಚ್ಚಿದ ಪೆಟ್ಟಿಗೆಯಲ್ಲಿ, ಆ ಮರ ಸೂಸುವ ಆಮ್ಲದ ಆವಿಗೆ ಸೀಸವು ಬಿಳಿಯ ಪುಡಿಯಾಗಿ ಉದುರುತ್ತದೆಂಬುದು ವಸ್ತುಸಂಗ್ರಹಾಲಯದವರು ಕಂಡುಂಡ ಸಂಗತಿ. ಗಾಜಿನ ಪೆಟ್ಟಿಗೆಗೆ ಸಣ್ಣ ಗಾಳಿಕಿಂಡಿ ಇರಲೇಬೇಕು. ಮುಂಬಯಿ, ಚೆನ್ನೈಗಳಂಥ ಕಡಲತೀರದ ಊರುಗಳ ತೇವಕ್ಕೆ ಹತ್ತಿಯ ದಾರ ಬಿಗಿಯುವುದೂ ಸಡಿಲುವುದೂ ನಡೆದೇ ಇರುತ್ತದೆ.

ಮೂಲ ಹಡಗು 1954ರಿಂದ ಲಂಡನ್ನಿನ ಗ್ರೀನಿಚ್‌ನಲ್ಲಿ ನೀರಿಲ್ಲದ ಕಟ್ಟೆಯೊಳಗೆ ನಿಂತಿದೆ. 2007ರ ಮೇ 21ರ ಬೆಳಗಿನ ಜಾವ ಅದಕ್ಕೆ ಬೆಂಕಿ ಬಿತ್ತು. ದುರಸ್ತಿಗಾಗಿ ಕೂವೆಮರಗಳನ್ನೂ ಅನೇಕ ಹಲಗೆಗಳನ್ನೂ ಮುಂಚೆಯೇ ಕಳಚಿ ಬೇರೆಡೆ ಇರಿಸಿದ್ದರಿಂದ ಅವು ಉಳಿದವು. 2012ರಲ್ಲಿ ಹಡಗು ಮತ್ತೆ ಜನರಿಗೆ ತೆರೆಯಿತು.

‘ಕಟ್ಟಿ’ ಎಂಬುದು ಕನ್ನಡದ ಕಿವಿಗೆ ಕಟ್ಟುವ ಕೆಲಸದ ಮಾತಾಗಿ ಕೇಳಿಸಿದರೂ ಕಟ್ಟಿ ಸಾರ್ಕ್ ಎಂದರೆ ಸ್ಕಾಟರ ನುಡಿಯಲ್ಲಿ ಗಿಡ್ಡ ಅಂಗಿ. ರಾಬರ್ಟ್ ಬರ್ನ್ಸ್ ಕವಿಯ ‘ಟ್ಯಾಮ್ ಓ ಶ್ಯಾಂಟರ್’ ಕವನದಲ್ಲಿ ಅಂಥ ಅಂಗಿ ತೊಟ್ಟ ನ್ಯಾನಿ ಎಂಬ ಮಾಟಗಾತಿ, ಕುದುರೆಯೇರಿ ಓಡುವ ಟ್ಯಾಮನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳ ಕೈಗೆ ಕುದುರೆಯ ಬಾಲವಷ್ಟೇ ಸಿಗುತ್ತದೆ. ಹಡಗಿನ ಮೂತಿಯ ಕೆಳಗೆ ಕೈಚಾಚಿ ನಿಂತ ಪ್ರತಿಮೆ ಅವಳದೇ. ಮಾದರಿಯಲ್ಲಿ ಅವಳ ಮುಷ್ಟಿ ಒಂದು ಮಿಲಿಮೀಟರಿನಷ್ಟು. ಎಲ್ಲ ಕೆಲಸವೂ ಮುಗಿದ ಮೇಲೆ, ಉಳಿದ ದಾರದ ತುಂಡೊಂದರ ಎಳೆಗಳನ್ನು ಬಿಡಿಸಿ, ಭೂತಕನ್ನಡಿಯ ಕೆಳಗೆ ಆ ಮುಷ್ಟಿಗೆ ಬಾಲವನ್ನು ಅಂಟಿಸುತ್ತಾರೆ.